ವೈದ್ಯರ ಕಣ್ಣು ಗಡಿ ದಾಟಿತು, ಹೊಣೆ ದಾಟಿತೇ?

(ನರ್ಸಿಂಗ್ ವಿದ್ಯಾರ್ಥಿಗಳು, ಕಿರಿಯ ವೈದ್ಯರು ಹಾಗೂ ಪೋಷಕರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾವು ವೈದ್ಯರಲ್ಲ. ಮದ್ರಸಾದಲ್ಲಿ ಕಲಿತು, ಬಳಿಕ ಕಾಲೇಜಿನಲ್ಲಿ ಕಲಾ ಪದವಿ ಪಡೆದು, ಕೊನೆಗೆ ಪತ್ರಿಕೆಯ ಮೇಜಿನ ಮುಂದೆ ಕುಳಿತವರು. ಆದ್ದರಿಂದ ರೋಗ ಮತ್ತು ಔಷಧದ ಕುರಿತು ನಿಮಗೆ ಪಾಠ ಹೇಳುವ ಅರ್ಹತೆ ನಮಗಿಲ್ಲ. ನಾವು ಮಾತನಾಡಬಯಸುವುದು ಹೊಣೆಯ ಕುರಿತು. ವೈದ್ಯರು ಒಂದು ದೇಶದಲ್ಲಿ, ರೋಗಿ ಇನ್ನೊಂದು ದೇಶದಲ್ಲಿ ಇದ್ದು, ಇಬ್ಬರ ನಡುವೆ ಒಂದು ಪರದೆ ಮಾತ್ರ ಇರುವಾಗ ತಪ್ಪಾದರೆ ಯಾರನ್ನು ಕೇಳಬೇಕು? ಈ ಪ್ರಶ್ನೆ ನಮ್ಮ ಕರಾವಳಿಯ ಮನೆಗಳಿಗೆ ದೂರದ್ದಲ್ಲ. ಅದು ನಮ್ಮ ಅಂಗಳಕ್ಕೇ ಬಂದಿದೆ.

ಕೆಲವು ವರ್ಷಗಳ ಹಿಂದಿನ ಘಟನೆಯೊಂದನ್ನು ಮೊದಲು ಹೇಳುತ್ತೇವೆ. ನಮ್ಮ ಊರಿನ ಯುವಕನೊಬ್ಬ ಕೊಲ್ಲಿ ರಾಷ್ಟ್ರವೊಂದರಲ್ಲಿ ಲಾರಿ ಓಡಿಸುತ್ತಿದ್ದ. ಸತತ ಚಾಲನೆಯಿಂದ ಬೆನ್ನುನೋವು ಹತ್ತಿಕೊಂಡಿತು. ಅಲ್ಲಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಸಂಬಳ ಹೋಗುತ್ತದೆ. ವಿಮೆ ಎಷ್ಟನ್ನು ಭರಿಸುತ್ತದೆಂಬುದು ಸ್ಪಷ್ಟವಿಲ್ಲ. ಅಲ್ಲಿನ ವೈದ್ಯರಿಗೆ ತನ್ನ ನೋವನ್ನು ವಿವರಿಸಲು ಭಾಷೆಯೂ ಸಾಲದು. ಆತ ಊರಿನ ವೈದ್ಯರಿಗೆ ವಾಟ್ಸ್‌ಆ್ಯಪ್ ಕರೆ ಮಾಡಿದ. ಅವರು ಆತನನ್ನು ಬಾಲ್ಯದಿಂದಲೂ ಬಲ್ಲವರು. ಮರುಕದಿಂದ ಆಲಿಸಿದರು, ಶುಲ್ಕ ಕೇಳಲಿಲ್ಲ, ಒಂದು ಮಾತ್ರೆಯ ಹೆಸರು ಬರೆದು ಕಳುಹಿಸಿದರು. ಮನೆಯವರು ಅದನ್ನು ಔಷಧದಂಗಡಿಯಿಂದ ತಂದು, ರಜೆ ಮುಗಿಸಿ ಹೊರಟಿದ್ದ ನೆರೆಮನೆಯ ಹುಡುಗನ ಕೈಗೆ ಹಪ್ಪಳ, ಉಪ್ಪಿನಕಾಯಿಗಳ ಜತೆ ಕೊಟ್ಟರು.

ಆ ಮಾತ್ರೆಯಲ್ಲಿ ಟ್ರಮಡಾಲ್ ಇತ್ತು. ಕೊಲ್ಲಿಯ ರಾಷ್ಟ್ರಗಳಲ್ಲಿ ಅದು ಕಟ್ಟುನಿಟ್ಟಾದ ನಿಯಂತ್ರಣಕ್ಕೊಳಪಟ್ಟ ವಸ್ತು. ಸೂಕ್ತ ಚೀಟಿ ಮತ್ತು ಅನುಮತಿಯಿಲ್ಲದೆ ಕೊಂಡೊಯ್ದರೆ ಮಾದಕ ದ್ರವ್ಯದ ಪ್ರಕರಣವಾಗುತ್ತದೆ. ಚೀಲ ಹೊತ್ತ ಹುಡುಗನಿಗೆ ಬೆನ್ನುನೋವೂ ಇರಲಿಲ್ಲ, ಮಾತ್ರೆಯಲ್ಲಿ ಏನಿದೆಯೆಂಬ ಅರಿವೂ ಇರಲಿಲ್ಲ. ಹನ್ನೊಂದು ದಿನ ಆತ ಬಂಧನದಲ್ಲಿದ್ದ. ಅಷ್ಟೂ ದಿನ ಇಲ್ಲಿ ಅಕ್ಕಪಕ್ಕದ ಮನೆಗಳ ಇಬ್ಬರು ತಾಯಂದಿರು ಪರಸ್ಪರ ಮುಖ ನೋಡಲಿಲ್ಲ.

ಇದರಲ್ಲಿ ತಪ್ಪು ಯಾರದು? ವೈದ್ಯರದೇ, ಔಷಧದಂಗಡಿಯವರದೇ, ಮನೆಯವರದೇ? ಆ ವೈದ್ಯರು ನಮ್ಮೊಡನೆ ಹೇಳಿದ ಮಾತು ಇಷ್ಟೇ: "ಹುಡುಗನ ನೋವನ್ನು ಕೇಳಿದೆ. ಅವನು ಇರುವ ದೇಶದ ಕಾನೂನನ್ನು ಕೇಳಲಿಲ್ಲ." ಅವರು ಕೇಡು ಬಯಸಿದವರಲ್ಲ. ಆದರೆ ಸದುದ್ದೇಶವೊಂದೇ ಗಡಿ ದಾಟಿಸುವ ರಹದಾರಿಯಲ್ಲ ಎಂಬುದನ್ನು ಈ ಘಟನೆ ನಮಗೆ ಕಲಿಸಿತು.

ಹಾಗೆಂದು ದೂರದಿಂದ ನೀಡುವ ಚಿಕಿತ್ಸೆಯನ್ನೇ ತಳ್ಳಿಹಾಕಲು ನಾವು ಇಲ್ಲಿ ನಿಂತಿಲ್ಲ. ಅದು ಉಳಿಸಿದ ಜೀವಗಳನ್ನು ಮರೆಯುವುದು ಅನ್ಯಾಯವಾದೀತು. ನಮ್ಮ ರಾಜ್ಯದಲ್ಲೇ ನೋಡಿ. ಇಸ್ರೋ ತನ್ನ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾಸ್ಪತ್ರೆ ಮತ್ತು ಸರಗೂರಿನ ಆಸ್ಪತ್ರೆಗೆ ಜೋಡಿಸಿ ಎರಡು ದಶಕಗಳೇ ಕಳೆದಿವೆ. ಎದೆನೋವೆಂದು ಬಂದ ಬಡ ರೈತನ ಹೃದಯದ ರೇಖೆಗಳನ್ನು ರಾಜಧಾನಿಯ ತಜ್ಞರು ಕುಳಿತಲ್ಲಿಂದಲೇ ಓದುವುದು ಅದರಿಂದ ಸಾಧ್ಯವಾಯಿತು.

ಗಡಿಯಾಚೆಗೂ ಇಂತಹ ಪ್ರಯತ್ನಗಳು ನಡೆದವು. 1998ರಲ್ಲಿ ಬ್ರಿಟನ್ನಿನ ಲಾರ್ಡ್ ಸ್ವಿನ್‌ಫೆನ್ ಮತ್ತು ಅವರ ಪತ್ನಿ ಒಂದು ಧರ್ಮದತ್ತಿ ಸಂಸ್ಥೆಯನ್ನು ಕಟ್ಟಿದರು. 1999ರಲ್ಲಿ ಅದು ಮೊದಲು ಸಂಪರ್ಕ ಕಲ್ಪಿಸಿದ್ದು ಬಾಂಗ್ಲಾದೇಶದ ಢಾಕಾ ಬಳಿಯ ಸಾವರ್‌ನಲ್ಲಿರುವ ಪಾರ್ಶ್ವವಾಯು ಪೀಡಿತರ ಪುನರ್ವಸತಿ ಕೇಂದ್ರಕ್ಕೆ. ಅಲ್ಲಿಗೆ ಕಳುಹಿಸಿದ್ದು ಕೋಟಿ ಬೆಲೆಯ ಯಂತ್ರವನ್ನಲ್ಲ, ಒಂದು ಡಿಜಿಟಲ್ ಕ್ಯಾಮರಾವನ್ನು. ಸ್ಥಳೀಯ ವೈದ್ಯರು ಚಿತ್ರ ತೆಗೆದು, ರೋಗದ ವಿವರ ಬರೆದು ಇ-ಮೇಲ್ ಮಾಡುತ್ತಿದ್ದರು. ದೂರದ ತಜ್ಞರು ಶುಲ್ಕವಿಲ್ಲದೆ ಉತ್ತರಿಸುತ್ತಿದ್ದರು. ಇದಾದ ಎರಡು ವರ್ಷಗಳಿಗೆ, 2001ರ ಸೆಪ್ಟೆಂಬರ್ 7ರಂದು, ನ್ಯೂಯಾರ್ಕಿನಲ್ಲಿ ಕುಳಿತ ಫ್ರೆಂಚ್ ಶಸ್ತ್ರವೈದ್ಯ ಝಾಕ್ ಮಾರೆಸ್ಕೋ ಅವರು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ 68ರ ವೃದ್ಧೆಯ ಪಿತ್ತಕೋಶವನ್ನು ಯಂತ್ರದ ತೋಳುಗಳ ಮೂಲಕ ತೆಗೆದರು. ಜಗತ್ತು ಬೆರಗಾದದ್ದು ಆ ಯಂತ್ರದ ತೋಳಿಗೆ. ಆದರೆ ಬಡ ರಾಷ್ಟ್ರಗಳ ನಿತ್ಯದ ಬದುಕಿಗೆ ಹೆಚ್ಚು ಹತ್ತಿರವಾದದ್ದು ಸಾವರ್‌ನ ಆ ಕ್ಯಾಮರಾ ಎಂದು ನಾವು ಭಾವಿಸುತ್ತೇವೆ.

ಯುದ್ಧಭೂಮಿಯ ಉದಾಹರಣೆ ಇನ್ನೂ ಮನಕಲಕುವಂಥದ್ದು. ಸಿರಿಯಾದ ಅಂತರ್ಯುದ್ಧದಲ್ಲಿ ವೈದ್ಯರು ಕೊಲ್ಲಲ್ಪಟ್ಟರು, ಅನೇಕರು ದೇಶ ತೊರೆದರು. ತೀವ್ರ ನಿಗಾ ಘಟಕಗಳಲ್ಲಿ ತಜ್ಞರೇ ಇಲ್ಲದಾದಾಗ ಉತ್ತರ ಅಮೆರಿಕ ಮತ್ತು ಯುರೋಪಿನಲ್ಲಿ ನೆಲೆಸಿದ್ದ, ಅರಬಿ ಬಲ್ಲ ಸುಮಾರು 20 ತಜ್ಞರು ಐದು ಆಸ್ಪತ್ರೆಗಳ ಘಟಕಗಳಿಗೆ ಹಗಲಿರುಳು ಕಣ್ಣಾದರು. ಅಂಗಡಿಯಲ್ಲಿ ಸಿಗುವ ಅಗ್ಗದ ಕ್ಯಾಮರಾಗಳು ಮತ್ತು ಉಚಿತ ಆ್ಯಪ್‌ಗಳೇ ಅವರ ಸಲಕರಣೆಗಳು. ಅಮೆರಿಕದಲ್ಲಿ ತಮ್ಮ ಪಾಳಿ ಮುಗಿಸಿದ ವೈದ್ಯರು ಮನೆಗೆ ಬಂದು ಅಲೆಪ್ಪೊದ ರೋಗಿಯ ಉಸಿರಾಟದ ಯಂತ್ರವನ್ನು ಪರದೆಯ ಮೇಲೆ ನೋಡುತ್ತಿದ್ದರು.

ಸಹೋದರ ಸಹೋದರಿಯರೇ, ಇಲ್ಲಿ ನಾವು ಗಮನಿಸಬೇಕಾದ ಮಾತೊಂದಿದೆ. ಪರದೆಯಲ್ಲಿ ಕಾಣಿಸಿಕೊಂಡ ತಜ್ಞರನ್ನು ಜಗತ್ತು ಹೊಗಳಿತು. ಅದು ಸರಿಯೇ. ಆದರೆ ಅವರ ಮಾತನ್ನು ಕೇಳಿ ಸೂಜಿ ಚುಚ್ಚಿದವರು ಯಾರು? ನಳಿಕೆ ಸರಿಪಡಿಸಿದವರು ಯಾರು? ಬಾಂಬ್ ಬೀಳುವ ಸದ್ದಿನಲ್ಲೂ ರೋಗಿಯ ಪಕ್ಕ ಬಿಟ್ಟು ಕದಲದವರು ಯಾರು? ಉಳಿದುಕೊಂಡಿದ್ದ ಕೆಲವೇ ವೈದ್ಯರು ಮತ್ತು ದಾದಿಯರು. ದೂರದ ವೈದ್ಯರಿಗೆ ಕಣ್ಣಿದೆ, ಕಿವಿಯಿದೆ, ನಾಲಿಗೆಯಿದೆ. ಕೈ ಇಲ್ಲ. ಆ ಕೈ ನಿಮ್ಮದು. ಗಡಿಯಾಚೆಗಿನ ಚಿಕಿತ್ಸೆಯು ಹಾಸಿಗೆಯ ಪಕ್ಕದ ಕೈಯಷ್ಟೇ ಗಟ್ಟಿಯಾಗಿರುತ್ತದೆ, ಅದಕ್ಕಿಂತ ಹೆಚ್ಚು ಗಟ್ಟಿಯಾಗಿರಲು ಸಾಧ್ಯವಿಲ್ಲ.

ಇದೇ ಅಲೆಪ್ಪೊದಲ್ಲಿ ಇನ್ನೊಂದು ಪಾಠವೂ ಇದೆ. 2016ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಡೇವಿಡ್ ನಾಟ್ ಅವರು ಅಂತರ್ಜಾಲದ ಮೂಲಕ ಅಲ್ಲಿನ ವೈದ್ಯರಿಗೆ ಹಂತ ಹಂತವಾಗಿ ನಿರ್ದೇಶನ ನೀಡಿ, ಗಾಯಾಳುವೊಬ್ಬನ ಛಿದ್ರವಾಗಿದ್ದ ದವಡೆಯನ್ನು ಮರುಜೋಡಿಸಲು ನೆರವಾದರು. ಆ ದೃಶ್ಯ ದೂರದರ್ಶನದಲ್ಲಿ ಪ್ರಸಾರವಾಯಿತು. ಕೆಲವೇ ವಾರಗಳಲ್ಲಿ ಆ ಆಸ್ಪತ್ರೆ ಬಾಂಬ್ ದಾಳಿಗೆ ತುತ್ತಾಯಿತು. ತನ್ನ ಗಣಕಯಂತ್ರಕ್ಕೆ ಕನ್ನ ಹಾಕಿ ಆಸ್ಪತ್ರೆಯ ಸ್ಥಳ ಪತ್ತೆ ಹಚ್ಚಿರಬಹುದೆಂಬ ಆತಂಕವನ್ನು ನಾಟ್ 2018ರಲ್ಲಿ ವ್ಯಕ್ತಪಡಿಸಿದರು. ಅದು ಸಾಬೀತಾದ ಸಂಗತಿಯಲ್ಲ, ಆತಂಕ ಮಾತ್ರ. ಆದರೆ ರೋಗಿಯ ಚಿತ್ರವನ್ನು ಯೋಚಿಸದೆ ಗುಂಪುಗಳಿಗೆ ರವಾನಿಸುವ ನಾವೆಲ್ಲ ಆ ಆತಂಕವನ್ನು ನಮ್ಮದಾಗಿಸಿಕೊಳ್ಳಬೇಕು. ರೋಗಿಯ ಗುಟ್ಟು ಒಂದು ಅಮಾನತ್ತು. ಅದು ಮೊಬೈಲಿನಲ್ಲಿದ್ದರೂ ಅಮಾನತ್ತೇ.

ಇನ್ನು ಸಂಪರ್ಕವನ್ನೇ ಕಡಿದರೆ ಏನಾಗುತ್ತದೆ? 2023ರ ಅಕ್ಟೋಬರ್ 27ರ ರಾತ್ರಿ ಗಾಝಾದ ದೂರವಾಣಿ ಮತ್ತು ಅಂತರ್ಜಾಲ ಸಂಪೂರ್ಣ ಸ್ತಬ್ಧವಾದಾಗ ರೆಡ್ ಕ್ರೆಸೆಂಟ್ ಸಂಸ್ಥೆಗೆ ತನ್ನದೇ ಸಿಬ್ಬಂದಿಯ ಸುಳಿವು ಸಿಗಲಿಲ್ಲ. 2024ರ ಫೆಬ್ರವರಿಯಲ್ಲಿ ಯುದ್ಧಗ್ರಸ್ತ ಸುಡಾನ್ ಹೆಚ್ಚುಕಡಿಮೆ ಇಡಿಯಾಗಿ ಸಂಪರ್ಕ ಕಳೆದುಕೊಂಡಿತು. 2019ರ ಆಗಸ್ಟ್‌ನಲ್ಲಿ ನಮ್ಮದೇ ಕಾಶ್ಮೀರದಲ್ಲಿ ಅಂತರ್ಜಾಲ ಸ್ಥಗಿತಗೊಂಡಾಗ, ಹೃದ್ರೋಗಿಗಳ ಇಸಿಜಿಯನ್ನು ತಜ್ಞರಿಗೆ ತೋರಿಸಲು ಹಳ್ಳಿಯ ವೈದ್ಯರು ಬಳಸುತ್ತಿದ್ದ ವಾಟ್ಸ್‌ಆ್ಯಪ್ ಗುಂಪು ಮೌನವಾಯಿತು. ಆಡಳಿತಗಾರರಿಗೆ ಅಂತರ್ಜಾಲವೆಂದರೆ ಒಂದು ಗುಂಡಿ, ಬೇಕೆಂದಾಗ ಒತ್ತಬಹುದು. ರೋಗಿಗೆ ಅದು ಉಸಿರಿನ ಕೊಳವೆಯೂ ಆಗಿರಬಹುದು. ಈ ವ್ಯತ್ಯಾಸ ಅಧಿಕಾರಸ್ಥರಿಗೆ ಅರ್ಥವಾಗುವುದೆಂದು?

ಈಗ ಶಾಂತಿಯ ಕಾಲದ, ಹಣವಂತರ ಜಗತ್ತಿನ ಕಡೆಗೆ ಬರೋಣ. ನ್ಯೂಯಾರ್ಕಿನಲ್ಲಿ ಮಧ್ಯರಾತ್ರಿಯಾದಾಗ ಬೆಂಗಳೂರಿನಲ್ಲಿ ಬೆಳಗಿನ ಒಂಬತ್ತೂವರೆಯೋ ಹತ್ತೂವರೆಯೋ ಆಗಿರುತ್ತದೆ. ಅಲ್ಲಿ ಅಪಘಾತಕ್ಕೊಳಗಾದವನ ತಲೆಯ ಸ್ಕ್ಯಾನ್ ಚಿತ್ರವನ್ನು ಇಲ್ಲಿ ಹಗಲು ಬೆಳಕಿನಲ್ಲಿ ಎಚ್ಚರವಾಗಿರುವ ತಜ್ಞರು ಓದಿ ವರದಿ ಕಳುಹಿಸುತ್ತಾರೆ. 2002ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಈ ಕೆಲಸದ ಮೊದಲಿಗರಲ್ಲೊಂದು. ನಮ್ಮ ವೈದ್ಯರ ಕೌಶಲಕ್ಕೆ ಸಂದ ಗೌರವವಿದು. ಸಂತೋಷಪಡೋಣ.

ಆದರೆ ಅಮೆರಿಕ ಈ ವ್ಯವಸ್ಥೆಯನ್ನು ಹೇಗೆ ಒಪ್ಪಿಕೊಂಡಿತು ಎಂಬುದನ್ನೂ ನೋಡೋಣ. ಅಲ್ಲಿನ ರೋಗಿಯ ಚಿತ್ರವನ್ನು ಓದುವವರಿಗೆ ಆ ರೋಗಿ ಇರುವ ರಾಜ್ಯದ ಪರವಾನಗಿ ಇರಬೇಕು. ಅಲ್ಲಿನ ವೃದ್ಧರ ಸರಕಾರಿ ವಿಮೆಯಾದ ಮೆಡಿಕೇರ್, ದೇಶದ ಹೊರಗೆ ಕುಳಿತು ನೀಡಿದ ಸೇವೆಗೆ ಹಣ ಕೊಡುವುದಿಲ್ಲ. ಹಾಗಾಗಿ ಹೊರದೇಶದಿಂದ ರಾತ್ರೋರಾತ್ರಿ ಹೋಗುವ ವರದಿ ಸಾಮಾನ್ಯವಾಗಿ ಪ್ರಾಥಮಿಕ ವರದಿ. ಬೆಳಗಾದ ಮೇಲೆ ಅಂತಿಮ ಸಹಿ ಬೀಳುವುದು ಅಮೆರಿಕದ ನೆಲದಲ್ಲಿ. ಅಂದರೆ ಶ್ರಮ ಗಡಿ ದಾಟಬಹುದು, ಹೊಣೆಯ ಸಹಿ ದಾಟಬಾರದು. ಬಲಿಷ್ಠ ರಾಷ್ಟ್ರ ತನ್ನ ರೋಗಿಗಾಗಿ ಹಾಕಿಕೊಂಡ ಬೇಲಿಯಿದು. ಇದನ್ನು ನಾವು ದೂಷಿಸುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ಬಡ ರಾಷ್ಟ್ರದ ರೋಗಿಗೆ, ವಲಸೆ ಕಾರ್ಮಿಕನಿಗೆ ಇಂತಹ ಬೇಲಿಯನ್ನು ಹಾಕಿಕೊಡುವವರು ಯಾರು?

ಭಾರತವು ಈ ದಿಕ್ಕಿನಲ್ಲಿ ಒಂದು ದೊಡ್ಡ ಹೆಜ್ಜೆ ಇಟ್ಟದ್ದುಂಟು. 2004ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮ್ ಅವರು ದಕ್ಷಿಣ ಆಫ್ರಿಕಾದಲ್ಲಿ ಪ್ಯಾನ್ ಆಫ್ರಿಕನ್ ಸಂಸತ್ತನ್ನು ಉದ್ದೇಶಿಸಿ ಮಾತನಾಡುತ್ತಾ ಇಡೀ ಖಂಡವನ್ನು ಭಾರತದ ಆಸ್ಪತ್ರೆ ಮತ್ತು ವಿಶ್ವವಿದ್ಯಾಲಯಗಳಿಗೆ ಜೋಡಿಸುವ ಜಾಲದ ಪ್ರಸ್ತಾಪ ಮುಂದಿಟ್ಟರು. 2009ರಲ್ಲಿ ಅದರ ಮೊದಲ ಹಂತ ಆರಂಭವಾಯಿತು. 2010ರಲ್ಲಿ ಎರಡನೇ ಹಂತವನ್ನು ಉದ್ಘಾಟಿಸಿದವರು ಅಂದು ವಿದೇಶಾಂಗ ಸಚಿವರಾಗಿದ್ದ, ನಮ್ಮದೇ ರಾಜ್ಯದ ಎಸ್.ಎಂ. ಕೃಷ್ಣ. 2019ರಲ್ಲಿ ಇ-ಆರೋಗ್ಯಭಾರತಿ ಎಂಬ ಹೆಸರಿನಲ್ಲಿ ಮತ್ತೊಂದು ಹಂತ ಬಂತು. ಒಂದು ಸರಕಾರ ಇನ್ನೊಂದು ಸರಕಾರದೊಡನೆ ಕೈಜೋಡಿಸಿ, ಇಲ್ಲಿನ ಆಸ್ಪತ್ರೆಯನ್ನು ಅಲ್ಲಿನ ಆಸ್ಪತ್ರೆಗೆ ಹೆಸರು ಹೇಳಿ ಜೋಡಿಸಿದ ಯೋಜನೆಯಿದು. ತಪ್ಪಾದರೆ ಯಾವ ಬಾಗಿಲು ತಟ್ಟಬೇಕೆಂಬುದು ಅಲ್ಲಿ ತಿಳಿದಿರುತ್ತದೆ. ಊರಿನ ವೈದ್ಯರಿಗೆ ಕರೆ ಮಾಡಿದ ನಮ್ಮ ಲಾರಿ ಚಾಲಕನಿಗೆ ಅಂತಹ ಬಾಗಿಲೇ ಇರಲಿಲ್ಲ.

ಕಾನೂನಿನ ಮುಂದೆ ಒಂದು ಸರಳ ಪ್ರಶ್ನೆ ಇಡೋಣ. ವೈದ್ಯರು ಒಂದು ದೇಶದಲ್ಲಿ, ರೋಗಿ ಇನ್ನೊಂದು ದೇಶದಲ್ಲಿದ್ದರೆ ಚಿಕಿತ್ಸೆ ನಡೆದದ್ದು ಎಲ್ಲಿ? ಯುರೋಪಿಯನ್ ಒಕ್ಕೂಟವು ತನ್ನ ಸದಸ್ಯ ರಾಷ್ಟ್ರಗಳ ಮಟ್ಟಿಗೆ 2011ರ ನಿರ್ದೇಶನದಲ್ಲಿ, ಚಿಕಿತ್ಸೆ ನಡೆದದ್ದು ವೈದ್ಯರು ನೆಲೆಸಿರುವ ದೇಶದಲ್ಲಿ ಎಂದು ಹೇಳಿತು. ಅಮೆರಿಕದಲ್ಲಿ ಸಾಮಾನ್ಯ ನಿಯಮ ಇದಕ್ಕೆ ವಿರುದ್ಧ. ರೋಗಿ ಎಲ್ಲಿದ್ದಾನೋ ಅಲ್ಲೇ ಚಿಕಿತ್ಸೆ. ಇನ್ನು ನಮ್ಮ ಭಾರತ? ಕೊರೋನಾ ಕಾಲದಲ್ಲಿ, 2020ರ ಮಾರ್ಚ್ 25ರಂದು, ನಮ್ಮಲ್ಲಿ ದೂರವೈದ್ಯಕೀಯದ ಮಾರ್ಗಸೂಚಿ ಹೊರಬಂತು. ಉಪಯುಕ್ತವಾದ ಮಾರ್ಗಸೂಚಿಯದು. ಆದರೆ ಭಾರತದ ವ್ಯಾಪ್ತಿಯ ಹೊರಗಿನ ಸಮಾಲೋಚನೆ ತನಗೆ ಸಂಬಂಧಿಸಿದ್ದಲ್ಲವೆಂದು ಅದು ಸ್ಪಷ್ಟವಾಗಿ ಹೇಳಿತು. ಲಕ್ಷಾಂತರ ಮಕ್ಕಳನ್ನು ಹೊರದೇಶಗಳಿಗೆ ದುಡಿಯಲು ಕಳುಹಿಸಿದ ದೇಶವೊಂದು, ಅವರು ಅಲ್ಲಿಂದ ಊರಿನ ವೈದ್ಯರಿಗೆ ಮಾಡುವ ಕರೆಯ ಬಗ್ಗೆ ಮೌನವಾಯಿತು.

ಇಲ್ಲಿ ನಮ್ಮ ಊರಿನ ಘಟನೆಯ ಕುರಿತು ಇನ್ನೊಂದು ಸತ್ಯವನ್ನೂ ಹೇಳಲೇಬೇಕು. 2018ರಲ್ಲೇ ಟ್ರಮಡಾಲ್ ನಮ್ಮ ದೇಶದ ಮಾದಕ ದ್ರವ್ಯ ಕಾಯ್ದೆಯ ಪಟ್ಟಿಗೆ ಸೇರಿದೆ. ಆ ಕಾಯ್ದೆಯಡಿ ಬರುವ ಔಷಧಿಗಳನ್ನು ದೂರವಾಣಿ ಸಮಾಲೋಚನೆಯಲ್ಲಿ ಬರೆಯಬಾರದೆಂದು ಇದೇ ಮಾರ್ಗಸೂಚಿ ಹೇಳುತ್ತದೆ. ಅಂದರೆ ಆ ಯುವಕ ಪಕ್ಕದ ಜಿಲ್ಲೆಯಿಂದ ಕರೆ ಮಾಡಿದ್ದರೂ ಆ ಮಾತ್ರೆ ಬರೆಯುವಂತಿರಲಿಲ್ಲ. ಬೇರೆ ದೇಶದ ಕಾನೂನನ್ನು ದೂರುವ ಮುನ್ನ ನಮ್ಮ ಮನೆಯ ಬಾಗಿಲನ್ನೂ ನೋಡಿಕೊಳ್ಳುವುದು ಒಳ್ಳೆಯದು.

ಮದ್ರಸಾದಲ್ಲಿ ಕಲಿತ ನಮಗೆ ಈ ಚರ್ಚೆಯಲ್ಲಿ ಒಂದು ಹಳೆಯ ಗ್ರಂಥದ ನೆನಪಾಗುತ್ತದೆ. 12ನೇ ಶತಮಾನದಲ್ಲಿ, ಇದೇ ಸಿರಿಯಾದ ನೆಲದಲ್ಲಿ, ಅಶ್ಶೈಝರಿ ಎಂಬ ವಿದ್ವಾಂಸರು ಮಾರುಕಟ್ಟೆ ಮತ್ತು ಕಸುಬುಗಳ ಮೇಲ್ವಿಚಾರಕನಾದ ಮುಹ್ತಸಿಬ್‌ನ ಕರ್ತವ್ಯಗಳ ಕುರಿತು ಒಂದು ಕೈಪಿಡಿ ಬರೆದರು. ಅದರಲ್ಲಿ ವೈದ್ಯರಿಗೊಂದು ಅಧ್ಯಾಯವಿದೆ. ವೈದ್ಯನು ರೋಗಿಯನ್ನು ನೋಡಿದಾಗ ರೋಗದ ಲಕ್ಷಣ ಮತ್ತು ತಾನು ನೀಡಿದ ಔಷಧವನ್ನು ಬರೆದು, ಅದರ ಪ್ರತಿಯನ್ನು ಮನೆಯವರ ಕೈಗೆ ಕೊಡಬೇಕು. ಪ್ರತಿ ಭೇಟಿಯಲ್ಲೂ ಹೀಗೆ ಬರೆಯಬೇಕು. ರೋಗಿ ಗುಣಮುಖನಾದರೆ ವೈದ್ಯ ತನ್ನ ಶುಲ್ಕ ಪಡೆಯುತ್ತಾನೆ. ರೋಗಿ ಸತ್ತರೆ ಮನೆಯವರು ಆ ಪ್ರತಿಗಳನ್ನು ಮುಖ್ಯ ವೈದ್ಯನ ಮುಂದಿಡಬೇಕು. ಚಿಕಿತ್ಸೆ ಶಾಸ್ತ್ರಬದ್ಧವಾಗಿದ್ದರೆ ವೈದ್ಯ ನಿರ್ದೋಷಿ. ನಿರ್ಲಕ್ಷ್ಯ ಕಂಡುಬಂದರೆ ಅವನು ಪ್ರಾಣದ ಪರಿಹಾರ ತೆರಬೇಕು.

ಎಂಟು ಶತಮಾನಗಳಿಗೂ ಹಿಂದಿನ ಈ ವ್ಯವಸ್ಥೆಯಲ್ಲಿ ಎರಡು ಅಂಶಗಳಿದ್ದವು. ಒಂದು, ಮನೆಯವರ ಕೈಯಲ್ಲಿದ್ದ ಪ್ರತಿ. ಎರಡು, ಆ ಪ್ರತಿಯನ್ನು ಓದಿ ತೀರ್ಪು ನೀಡಬಲ್ಲ, ಇಬ್ಬರಿಗೂ ಸಮಾನನಾದ ಒಬ್ಬ ಮೂರನೆಯವನು. ಇಂದಿನ ಗಡಿಯಾಚೆಗಿನ ವಾಟ್ಸ್‌ಆ್ಯಪ್ ಚಿಕಿತ್ಸೆಯಲ್ಲಿ ಈ ಎರಡೂ ಇಲ್ಲ. ಕರೆ ಮುಗಿದರೆ ಮಾತು ಗಾಳಿಗೆ ಹೋಯಿತು. ಮೊಬೈಲು ಕಳೆದರೆ ಚೀಟಿ ಹೋಯಿತು. ಎರಡು ದೇಶಗಳ ನಡುವೆ ನಿಂತು ಅದನ್ನು ಓದುವ ಮುಖ್ಯ ವೈದ್ಯನಂತೂ ಇಲ್ಲವೇ ಇಲ್ಲ. ತಂತ್ರಜ್ಞಾನದಲ್ಲಿ ನಾವು ಬಹಳ ಮುಂದೆ ಬಂದಿದ್ದೇವೆ. ಹೊಣೆಯ ವಿಷಯದಲ್ಲಿ ಆ ಹಳೆಯ ಸಂತೆಯ ಮೇಲ್ವಿಚಾರಕನಿಗಿಂತಲೂ ಹಿಂದೆ ಉಳಿದಿದ್ದೇವೆ ಎಂದರೆ ತಪ್ಪಾಗದು.

ಈಗ ಇಲ್ಲಿರುವ ಸಹೋದರಿಯರಿಗೆ ಒಂದು ಮಾತು. ಪಾಕಿಸ್ತಾನದಲ್ಲಿ ವೈದ್ಯಕೀಯ ಕಲಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳು. ಆದರೆ ಮದುವೆಯ ಬಳಿಕ ಅವರಲ್ಲಿ ಅನೇಕರ ಸ್ಟೆತಸ್ಕೋಪ್ ಕಪಾಟು ಸೇರುತ್ತದೆ. ಇಂತಹವರನ್ನು ಮನೆಯಿಂದಲೇ ಸೇವೆಗೆ ತರಲು ಅಲ್ಲಿ 2017ರಲ್ಲಿ ಇಬ್ಬರು ವೈದ್ಯೆಯರು ಸೆಹತ್ ಕಹಾನಿ ಎಂಬ ಸಂಸ್ಥೆ ಕಟ್ಟಿದರು. ಬಡ ಬಡಾವಣೆಯ ಚಿಕಿತ್ಸಾಲಯದಲ್ಲಿ ದಾದಿ ರೋಗಿಯ ಪಕ್ಕ ಕುಳಿತಿರುತ್ತಾಳೆ, ವೈದ್ಯೆ ಪರದೆಯಲ್ಲಿರುತ್ತಾಳೆ. ಶ್ಲಾಘನೀಯ ಕೆಲಸ. ಪದವಿ ಪಡೆದು ಮನೆಯಲ್ಲಿ ಕುಳಿತಿರುವ ನಮ್ಮ ಹೆಣ್ಣುಮಕ್ಕಳಿಗೂ ಇದರಲ್ಲಿ ದಾರಿಯಿದೆ. ಆದರೆ ಪೋಷಕರೇ, ಅತ್ತೆಮಾವಂದಿರೇ, ಮನೆಯಿಂದ ದುಡಿಯುವ ಅವಕಾಶವನ್ನು ಮನೆಯಲ್ಲೇ ಕಟ್ಟಿಹಾಕುವ ನೆಪವಾಗಿಸಬೇಡಿ. ಪರದೆಯಲ್ಲಿ ಕುಳಿತು ಚೆನ್ನಾಗಿ ರೋಗ ಅರಿಯಬೇಕಾದರೆ, ಮೊದಲು ವಾರ್ಡಿನಲ್ಲಿ ನಿಂತು ನೂರಾರು ಹೊಟ್ಟೆಗಳನ್ನು ಮುಟ್ಟಿ ನೋಡಿರಬೇಕು.

ಅಫ್ಘಾನಿಸ್ತಾನದ ಸ್ಥಿತಿಯನ್ನು ನೋಡಿದರೆ ಈ ಮಾತಿನ ಗಾಂಭೀರ್ಯ ಅರಿವಾಗುತ್ತದೆ. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ತಾಲಿಬಾನ್ ಆಡಳಿತ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. 2024ರ ಡಿಸೆಂಬರ್‌ನಲ್ಲಿ ಉಳಿದಿದ್ದ ದಾದಿ ಮತ್ತು ಸೂಲಗಿತ್ತಿ ತರಬೇತಿಯನ್ನೂ ನಿಲ್ಲಿಸಿತು. ಮಹಿಳೆಯನ್ನು ಮಹಿಳೆಯೇ ಪರೀಕ್ಷಿಸಬೇಕೆಂದು ಬಯಸುವ ಸಮಾಜದಲ್ಲಿ ಹೆಣ್ಣನ್ನು ವೈದ್ಯೆಯಾಗದಂತೆ, ದಾದಿಯಾಗದಂತೆ ತಡೆಯುವುದೆಂದರೆ ಹೆರಿಗೆಯ ನೋವಿನಲ್ಲಿರುವವಳನ್ನು ಸಾವಿಗೆ ಒಪ್ಪಿಸಿದಂತೆಯೇ ಅಲ್ಲವೇ? ಧರ್ಮದ ಹೆಸರಿನಲ್ಲಿ ನಡೆಯುವ ಇಂತಹ ಅನ್ಯಾಯವನ್ನು ಧರ್ಮ ಬಲ್ಲವರೇ ಮೊದಲು ವಿರೋಧಿಸಬೇಕು. ದೇಶ ತೊರೆದ ವೈದ್ಯೆಯರು ದೂರದಿಂದ ಸಲಹೆ ನೀಡಬಹುದು. ಆದರೆ ಮಗುವನ್ನು ಎತ್ತಿಕೊಳ್ಳುವ ಕೈಗೇ ತರಬೇತಿ ಇಲ್ಲದಿದ್ದರೆ ಪರದೆ ಏನು ಮಾಡೀತು? 2025ರ ಸೆಪ್ಟೆಂಬರ್ ಅಂತ್ಯದಲ್ಲಿ ಎರಡು ದಿನ ಅಲ್ಲಿ ಆ ಪರದೆಯೂ ಆರಿತು. ದೇಶವಿಡೀ ಅಂತರ್ಜಾಲ ಸ್ತಬ್ಧವಾಗಿತ್ತು.

ಹಾಗಾದರೆ ನಾವು ಮಾಡಬೇಕಾದದ್ದೇನು?

ಮೊದಲಿಗೆ, ಹೊರದೇಶದಲ್ಲಿ ದುಡಿಯುವವರ ಮನೆಯವರಿಗೆ ನಮ್ಮ ಮನವಿ. ಊರಿನ ವೈದ್ಯರೊಡನೆ ಮಾತನಾಡುವುದು ತಪ್ಪಲ್ಲ. ಆದರೆ ಮಾತಿನ ಮೊದಲ ವಾಕ್ಯ "ನಾನು ಇಂತಹ ದೇಶದಲ್ಲಿದ್ದೇನೆ" ಎಂದಿರಲಿ. ಆ ಮಾತುಕತೆಯನ್ನು ಎರಡನೇ ಅಭಿಪ್ರಾಯವೆಂದು ತಿಳಿಯಿರಿ, ಚಿಕಿತ್ಸೆಯೆಂದಲ್ಲ. ಅಲ್ಲಿ ಪರವಾನಗಿಯಿಲ್ಲದ ವೈದ್ಯರ ಚೀಟಿ ಅಲ್ಲಿನ ಔಷಧದಂಗಡಿಯಲ್ಲಿ ನಡೆಯದು. ಎದೆನೋವು, ಉಸಿರಾಟದ ತೊಂದರೆ, ಕೈಕಾಲು ಸ್ವಾಧೀನ ತಪ್ಪುವುದು, ಇವು ಕಂಡಾಗ ಊರಿಗೆ ಕರೆ ಮಾಡುತ್ತಾ ಕೂರಬೇಡಿ, ಹತ್ತಿರದ ಆಸ್ಪತ್ರೆಗೆ ಧಾವಿಸಿ. ಇನ್ನೊಬ್ಬರ ಚೀಲದಲ್ಲಿ ಮಾತ್ರೆ ಕಳುಹಿಸಲೇಬೇಡಿ. ಸ್ವಂತ ಔಷಧಿ ಒಯ್ಯುವವರು ಮೂಲ ಚೀಟಿಯನ್ನು ಜತೆಗಿಟ್ಟುಕೊಳ್ಳಿ. ಆ ದೇಶದ ನಿಯಂತ್ರಿತ ಪಟ್ಟಿಯಲ್ಲಿ ಅದು ಇದೆಯೇ ಎಂದು ಮೊದಲೇ ನೋಡಿ, ಇದ್ದರೆ ಅನುಮತಿ ಪಡೆಯಿರಿ. ಯುಎಇಯಂತಹ ದೇಶದಲ್ಲಿ ಇದಕ್ಕೆ ಆರೋಗ್ಯ ಇಲಾಖೆಯ ಅಂತರ್ಜಾಲ ವ್ಯವಸ್ಥೆಯೇ ಇದೆ. ನಮ್ಮ ಅಡುಗೆಮನೆಯ ಗಸಗಸೆ ಕೂಡ ಅಲ್ಲಿ ನಿಷಿದ್ಧ ಎಂಬುದನ್ನು ಎಷ್ಟು ಮನೆಗಳು ಬಲ್ಲವು?

ಎರಡನೆಯದಾಗಿ, ವೈದ್ಯ ಮಿತ್ರರೇ, ನಿಮ್ಮ ಮರುಕವನ್ನು ಕಡಿಮೆ ಮಾಡಬೇಡಿ, ಅದನ್ನು ಬರಹಕ್ಕಿಳಿಸಿ. ನೋಂದಣಿ ಸಂಖ್ಯೆಯನ್ನು ಚೀಟಿಯಲ್ಲೂ, ವಾಟ್ಸ್‌ಆ್ಯಪ್ ಸಂದೇಶದಲ್ಲೂ ನಮೂದಿಸಬೇಕೆಂದು 2020ರ ಮಾರ್ಗಸೂಚಿ ಹೇಳುತ್ತದೆ. ರೋಗಿ ಹೇಳಿದ್ದೇನು, ನೀವು ಹೇಳಿದ್ದೇನು ಎಂಬುದರ ಪ್ರತಿ ಆತನ ಬಳಿ ಉಳಿಯಲಿ. ಅಶ್ಶೈಝರಿ ಬಯಸಿದ್ದು ಇದನ್ನೇ. ಆ ಪ್ರತಿ ರೋಗಿಯನ್ನು ರಕ್ಷಿಸುವಂತೆಯೇ ಪ್ರಾಮಾಣಿಕ ವೈದ್ಯರನ್ನೂ ರಕ್ಷಿಸುತ್ತದೆ.

ಮೂರನೆಯದಾಗಿ, ನರ್ಸಿಂಗ್ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ನಾಳೆ ರಿಯಾದ್, ದೋಹಾ, ಲಂಡನ್‌ಗಳಲ್ಲಿ ದುಡಿಯಲಿದ್ದೀರಿ. ಸಾವಿರಾರು ಮೈಲಿ ದೂರದ ತಜ್ಞರು ಪರದೆಯಿಂದ ಆದೇಶಿಸಬಹುದು. ಅವರಿಗೆ ಕಾಣದ ಬೆವರು, ಅವರ ಮೂಗಿಗೆ ತಾಗದ ವಾಸನೆ, ಅವರಿಗೆ ಕೇಳಿಸದ ನರಳಾಟ ನಿಮಗೆ ಗೊತ್ತಾಗುತ್ತದೆ. ಆಗ "ಸರ್, ಇಲ್ಲಿ ಸ್ಥಿತಿ ಹಾಗಿಲ್ಲ" ಎಂದು ಹೇಳುವ ಧೈರ್ಯ ತೋರಿಸಿ. ಅದು ಅವಿಧೇಯತೆಯಲ್ಲ, ನಿಮ್ಮ ಹೊಣೆ.

ಕೊನೆಯದಾಗಿ, ಆಳುವವರಿಗೆ. 2022ರ ಮೇ 1ರಂದು ಭಾರತ ಮತ್ತು ಯುಎಇ ನಡ��ವಿನ ವ್ಯಾಪಾರ ಒಪ್ಪಂದ ಜಾರಿಗೆ ಬಂತು. ಭಾರತದ ಔಷಧ ಕಂಪೆನಿಗಳಿಗೆ ಅಲ್ಲಿ ಸುಲಭ ನೋಂದಣಿಯ ದಾರಿಯನ್ನೂ ಅದು ತೆರೆಯಿತು. ಒಳ್ಳೆಯದು. ಆದರೆ ಮಾತ್ರೆಗೆ ದಾರಿ ಮಾಡಿಕೊಟ್ಟ ರಾಜತಾಂತ್ರಿಕರಿಗೆ ಆ ಮಾತ್ರೆಯನ್ನು ನುಂಗುವ ಕಾರ್ಮಿಕನ ನೆನಪಾಗಬೇಡವೇ? ಎರಡೂ ಕಡೆ ಮಾನ್ಯರಾದ ವೈದ್ಯರ ಒಂದು ಪಟ್ಟಿ, ಎರಡೂ ಕಡೆ ಓದಬಲ್ಲ ಒಂದು ಚೀಟಿ, ದೂರು ಬಂದಾಗ ಎರಡೂ ಕಡೆಯವರು ಒಪ್ಪುವ ಒಂದು ಪೀಠ. ಇಷ್ಟನ್ನು ಕೇಳುವುದು ದುರಾಸೆಯಲ್ಲ. ಊರಿಗೆ ಹಣ ಕಳುಹಿಸುವಾಗ ಅವನನ್ನು ದೇಶದ ಆಸ್ತಿಯೆಂದು ಕರೆಯುವವರು, ಅವನ ಬೆನ್ನು ನೋವಾದಾಗಲೂ ಅವನನ್ನು ದೇಶದವನೆಂದೇ ಕಾಣಬೇಕು.

ಚೀಲ ಹೊತ್ತ ಆ ಹುಡುಗ ಬಿಡುಗಡೆಯಾದ. ಆದರೆ ಕೆಲಸ ಕಳೆದುಕೊಂಡು ಊರಿಗೆ ಮರಳಿದ. ಈಗ ಇಲ್ಲೇ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಲಾರಿ ಚಾಲಕನ ಬೆನ್ನಿಗೆ ಕೊನೆಗೆ ಅಲ್ಲಿನ ಆಸ್ಪತ್ರೆಯಲ್ಲೇ ವ್ಯಾಯಾಮ ಚಿಕಿತ್ಸೆ ದೊರೆಯಿತು. ಎರಡು ಮನೆಗಳ ತಾಯಂದಿರು ಮತ್ತೆ ಮಾತನಾಡಲು ಒಂದು ವರ್ಷ ಹಿಡಿಯಿತು. ಆ ವೈದ್ಯರು ಇಂದಿಗೂ ಹೊರದೇಶದ ಕರೆಗಳನ್ನು ಸ್ವೀಕರಿಸುತ್ತಾರೆ. ಆದರೆ ಈಗ ಅವರ ಮೊದಲ ಪ್ರಶ್ನೆ, "ಮಗಾ, ಎಲ್ಲಿಂದ ಮಾತಾಡ್ತಾ ಇದ್ದೀ?" ಎಂಬುದು.

ಆ ಪ್ರಶ್ನೆಯನ್ನು ಒಬ್ಬ ವೈದ್ಯರು ಕಲಿತರು. ನಮ್ಮ ಕಾನೂನುಗಳೂ ಕಲಿಯಲಿ ಎಂದು ಹಾರೈಸುತ್ತೇವೆ.